ಬಾಳು, ಎರಡು

ಸೋಮವಾರ ಬೆಳಿಗ್ಗೆ ಹಿರಿಯಡ್ಕ ಠಾಣೆಯ ಪೇದೆ
ನನ್ನ ಮೇಜಿನ ಮೇಲೆ ಮುದ್ದೆಮಾಲು ಇಳಿಸಿದ:
ನಗದು, ಸಾವಿರದ ನಲವತ್ತು ರೂಪಾಯಿ.
ಬಾಳು, ಎರಡು, ನೂಲು ಸಹಿತ.
ಹುಂಜ, ಒಂದು. ಸಜೀವ.

ಹುಂಜಕ್ಕೆ ಅರಗಿನ ಮೊಹರು ಒತ್ತುವುದೆಲ್ಲಿ?
ಚೀಟಿ ಬರೆದು ಕಾಲಿಗೆ ಕಟ್ಟಿದೆ, ಕುಕ್ಕಿ ಹರಿಯಿತು.
ಇನ್ನೊಂದು ಕಟ್ಟಿದೆ.
ಅಪರಾಧ ಸಂಖ್ಯೆಯ ಅರ್ಧ ಅದರ ಹೊಟ್ಟೆ ಸೇರಿತು.

ಬಣ್ಣ ಎಂಬಲ್ಲಿ ಕೆಂಪು ಎಂದು ಬರೆಯುತ್ತಿದ್ದೆ.
ಮೂರನೇ ಆರೋಪಿ, ಅಲೆವೂರಿನ ದೂಮ ಸಪಲ್ಯ,
ಅಷ್ಟು ಹೊತ್ತು ಬಾಗಿಲಲ್ಲಿ ತಲೆತಗ್ಗಿಸಿ ನಿಂತವನು,
ಜಾಮೀನಿನ ಬಗ್ಗೆ ಒಂದು ಮಾತೂ ಕೇಳದವನು,
ತಡೆಯಲಾಗದೆ ಅಂದ:
"ಕೆಂಪಲ್ಲ ಅಕ್ಕಾ. ಅವು ಕೆಮ್ಮೈರೆ."

ನನಗೆ ಗೊತ್ತಿಲ್ಲದ್ದೇನಲ್ಲ.
ಯಾವ ದಿನ ಯಾವ ಬಣ್ಣ ಗೆಲ್ಲುತ್ತದೆಂದು
ನನ್ನಪ್ಪ ಬೀಡಿಕಟ್ಟಿನ ಮೇಲೆ ಬರೆದಿಡುತ್ತಿದ್ದ,
ಬರೆದಿಟ್ಟೂ ಸೋಲುತ್ತಿದ್ದ.
ಆದರೆ ಸರಕಾರಕ್ಕೆ ಗೊತ್ತಿರುವುದು ಕೆಂಪು ಮಾತ್ರ.
ಮೂವತ್ತೊಂದು ವರ್ಷದಿಂದ ನನ್ನ ಕೆಲಸ ಇದೇ,
ತುಳುವಿನಲ್ಲಿ ಅತ್ತದ್ದನ್ನು ಕನ್ನಡದಲ್ಲಿ ಒಣಗಿಸಿ
ಕಾರ್ಬನ್ ಇಟ್ಟು ಮೂರು ಪ್ರತಿ.

ಹುಂಜವನ್ನು ಒಳಕೋಣೆಯ ಕಪಾಟಿನ ಕಾಲಿಗೆ ಕಟ್ಟಿ
ಪುಸ್ತಕ ಹಿಡಿದು ಕೋರ್ಟು ಹಾಲಿಗೆ ಹೋದೆ.
ಅಕ್ಕತಂಗಿಯರ ಬಾವಿ ಪಾಲಿನ ದಾವೆ.
ಬಾವಿ ಬತ್ತಿ ಆರು ವರ್ಷ, ದಾವೆಯಲ್ಲಿ ನೀರಿದೆ.
ವಕೀಲರು ಹದಿನಾಲ್ಕನೆಯ ಬಾರಿ ಎದ್ದು
"ಮಹಾಸ್ವಾಮಿ, ಕೊನೆಯದಾಗಿ ಒಂದು ವಾಯಿದೆ" ಅಂದರೋ ಇಲ್ಲವೋ,
ಒಳಗಿಂದ ಕೂಗಿತು.
ಯಾರೂ ನಗಲಿಲ್ಲ. ನ್ಯಾಯಾಧೀಶರು
ಪೆನ್ನಿನ ಮುಚ್ಚಳ ಕಚ್ಚಿಕೊಂಡರು.
"ಇಪ್ಪತ್ತಾರಕ್ಕೆ ಇಡಿ."

ವಿಜಯಪುರದವರು, ಬಂದು ಮೂರು ತಿಂಗಳು.
ಚೇಂಬರಿನಲ್ಲಿ ನನ್ನ ಪಟ್ಟಿ ಓದಿ ಕನ್ನಡಕ ಎತ್ತಿದರು:
"ಇದೇನ್ರೀ ಮೇಡಂ, ಬಾಳು ಎರಡು?
ಒಂದನ್ನ ಸಾಗ್ಸೂದ ಆಗವಲ್ದು."
ಕೋಳಿಕಾಲಿಗೆ ಕಟ್ಟುವ ಚೂರಿ ಸಾರ್,
ನಮ್ಮಲ್ಲಿ ಬಾಳು ಅಂತಲೇ ಹೇಳುವುದು, ಅಂದೆ.
ಲಕೋಟೆಯಿಂದ ಒಂದನ್ನು ತೆಗೆದು
ಹೆಬ್ಬೆರಳಿಗೆ ಒತ್ತದೆ, ತಾಗಿಸದೆ,
ಗಾಳಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.
ಆಮೇಲೆ ಆದೇಶ:
ಕೋಳಿ ಹರಾಜಾಗಲಿ, ಬಾಳು ಕಚೇರಿಯಲ್ಲಿರಲಿ.

ಮಧ್ಯಾಹ್ನ, ವಕೀಲರ ಕ್ಯಾಂಟೀನಿನ ಪಕ್ಕ
ಅಟೆಂಡರ್ ಜಯಕರ ಹುಂಜವನ್ನು ಮಗುವಿನಂತೆ ಎತ್ತಿ ನಿಂತ.
ನಾನು ಕೂಗಬೇಕು. ಮುನ್ನೂರು, ಒಂದನೇ ಸಲ.
ಕಿನ್ನಿಮುಲ್ಕಿಯ ಹೋಟೆಲಿನವ ನಾನೂರು ಅಂದ.
ದೂಮ ಚಪ್ಪಲಿ ನೋಡುತ್ತಿದ್ದ.
ನಾನೂರು, ಎರಡನೇ ಸಲ, ಅನ್ನುವಾಗ ನನ್ನ ದನಿ
ಬೇಕೆಂದೇ ಸ್ವಲ್ಪ ನಿಧಾನವಾಯಿತು.
ಅದಕ್ಕೆ ನಿಯಮ ಯಾವುದೂ ಇಲ್ಲ, ವಿರುದ್ಧವೂ ಇಲ್ಲ.
ಗುಂಪಿನ ಹಿಂದೆ ಕಾಲೇಜು ಸಮವಸ್ತ್ರದ ಹುಡುಗಿಯೊಬ್ಬಳು
"ಎರಡು ಸಾವಿರದ ಮುನ್ನೂರು!"
ಲೆಕ್ಕ ಮಾಡಿ ತಂದ ದುಡ್ಡು ಅಷ್ಟೇ ಇರಬೇಕು,
ಏರಿಸುವ ಕ್ರಮ ಅವಳಿಗೆ ಗೊತ್ತಿರಲಿಲ್ಲ.

ಚಿಲ್ಲರೆ ಎಣಿಸಿ ರಶೀದಿ ಹರಿದುಕೊಟ್ಟೆ.
ಖರೀದಿದಾರರು: ಸುಗಂಧಿ.
ಆರೋಪಿಗೇನಾಗಬೇಕು ಎಂಬ ಕಾಲಮ್ಮು ಅದರಲ್ಲಿಲ್ಲ,
ನಾನು ಕೇಳಲಿಲ್ಲ.
ಹುಂಜ ಆಟೋ ಹತ್ತಿ ಹೋಯಿತು.
ದೂಮ ತಪ್ಪೊಪ್ಪಿಕೊಂಡು ದಂಡ ಕಟ್ಟಿದ.

ಈಗ ಒಂಬತ್ತು ವರ್ಷದ ಮೇಲೆ, ಮೇ ಮೂವತ್ತೊಂದು,
ಚಾರ್ಜು ಕೊಡುತ್ತಿದ್ದೇನೆ. ಹೊಸ ಹುಡುಗಿ ಸಫೂರ
ಪ್ರತಿ ಲಕೋಟೆ ಬಿಚ್ಚಿ, ಎಣಿಸಿ, ಟಿಕ್ ಹಾಕುತ್ತಾಳೆ.
ಕತ್ತಿ, ಒಂದು. ಸೀರೆ, ಒಂದು, ಹರಿದದ್ದು.
ಮೊಬೈಲು, ಹನ್ನೊಂದು.
"ಬಾಳು, ಎರಡು. ತುಕ್ಕು ಹಿಡಿದಿದೆ ಅಂತ ಬರೀಲಾ ಮೇಡಂ?"
ಬರಿ ಮಗಾ. ಇದ್ದ ಹಾಗೆ ಬರಿ.
ನಾಶಪಡಿಸಲು ಆದೇಶ ಕೇಳಿ ನಾಲ್ಕು ಸಲ ಬರೆದಿದ್ದೆ,
ನೀನು ಐದನೆಯದು ಬರಿ.

ಸಹಿ ಹಾಕಿದೆ. ಬೀಗದ ಕೈ ಅವಳ ಕಡೆ ಸರಿಸಿದೆ.
ಪಟ್ಟಿಯಲ್ಲಿ ಇಲ್ಲದ್ದು ಒಂದೇ:
ಆ ಸೋಮವಾರ ಹುಂಜಕ್ಕೆ ಹಾಕಿದ್ದು
ನನ್ನ ಬುತ್ತಿಯ ಕುಚ್ಚಲಕ್ಕಿ ಅನ್ನ,
ಉಪ್ಪಿನಕಾಯಿ ತಾಗದ ಬದಿಯಿಂದ.